ಸ್ಪಿರುಲಿನಾದ ಜಿಡ್ಡು: ಏನಿದೆ, ಎಷ್ಟಿದೆ?

ಸ್ಪಿರುಲಿನಾ ಎಂದೊಡನೆ ಮಾತು ಪ್ರೋಟೀನಿನತ್ತ ಹೊರಳುತ್ತದೆ. ಒಣಪುಡಿಯ ತೂಕದಲ್ಲಿ ಸುಮಾರು ಶೇ. 5ರಿಂದ 8ರಷ್ಟಿರುವ ಜಿಡ್ಡನ್ನು ವಿಚಾರಿಸುವವರು ಕಡಿಮೆ. ನೀರಿನಲ್ಲಿ ಬೆಳೆಯುವ ಈ ನೀಲಿ-ಹಸಿರು ಸೂಕ್ಷ್ಮಜೀವಿ (ಸಯನೋಬ್ಯಾಕ್ಟೀರಿಯಾ) ಜಿಡ್ಡನ್ನು ಎಣ್ಣೆಯ ಹನಿಗಳಾಗಿ ಕೂಡಿಡುವುದು ಅತ್ಯಲ್ಪ. ಹೆಚ್ಚಿನ ಪಾಲು ದ್ಯುತಿಸಂಶ್ಲೇಷಣೆ ನಡೆಯುವ ಪೊರೆಗಳಲ್ಲೇ ಇರುತ್ತದೆ.

ಅದನ್ನು ಅಳೆಯಲು ಪ್ರಯೋಗಾಲಯದಲ್ಲಿ 1 ಗ್ರಾಂ ಪುಡಿಗೆ 20 ಮಿ.ಲೀ. ದ್ರಾವಕ ಹಾಕುತ್ತಾರೆ: ಎರಡು ಪಾಲು ಕ್ಲೋರೋಫಾರ್ಮ್, ಒಂದು ಪಾಲು ಮೆಥನಾಲ್. ಚೆನ್ನಾಗಿ ಕುಲುಕಿ, ಸೋಸಿ, 4 ಮಿ.ಲೀ. ಉಪ್ಪುನೀರು ಬೆರೆಸಿದರೆ ಎರಡು ಪದರಗಳು ಬೇರೆಯಾಗುತ್ತವೆ. ಕೆಳಗೆ ನಿಲ್ಲುವ ಕಡುಹಸಿರು ಪದರದಲ್ಲಿ ಜಿಡ್ಡಿದೆ. ಎಡವುವುದೂ ಇಲ್ಲೇ. ಆ ಹಸಿರು ಕ್ಲೋರೋಫಿಲ್‌ನದು. ಒಣಗಿಸಿ ಹಾಗೇ ತೂಗಿದರೆ ಬಣ್ಣವೂ ಜಿಡ್ಡಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಾಗಾಗಿ ಜಿಡ್ಡಿನ ಘಟಕಗಳಾದ ಕೊಬ್ಬಿನಾಮ್ಲಗಳನ್ನು ಸುಲಭವಾಗಿ ಆವಿಯಾಗುವ ಮೀಥೈಲ್ ಎಸ್ಟರ್‌ಗಳಾಗಿಸಿ ಆವಿಯ ಘಟಕಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಒಂದೊಂದನ್ನೇ ಅಳೆಯಬೇಕು.

ಹಾಗೆ ಅಳೆದಾಗ ಎದ್ದು ಕಾಣುವುದು ಗಾಮಾ-ಲಿನೋಲೆನಿಕ್ ಆಮ್ಲವೆಂಬ ಕೊಬ್ಬಿನಾಮ್ಲ. ನಮ್ಮ ದೇಹವೂ ಅಡುಗೆ ಎಣ್ಣೆಗಳಲ್ಲಿರುವ ಲಿನೋಲೆಯಿಕ್ ಆಮ್ಲದಿಂದ ಇದನ್ನು ತಯಾರಿಸುತ್ತದೆ, ಆದರೆ ಆ ಹೆಜ್ಜೆ ಬಹಳ ನಿಧಾನ. ಸಿದ್ಧರೂಪದಲ್ಲೇ ಸಿಕ್ಕರೆ ಅದು ಮುಂದೆ ಉರಿಯೂತ ತಗ್ಗಿಸಬಲ್ಲ, ಹಾರ್ಮೋನಿನಂಥ ಪ್ರೋಸ್ಟಗ್ಲಾಂಡಿನ್‌ಗೆ ಮೂಲವಸ್ತುವಾಗುತ್ತದೆ. ಈಗ ಪ್ರಮಾಣ ನೋಡಿ. ಪುಡಿಯಲ್ಲಿ ಇದು ಸುಮಾರು ಶೇ. 1, ಅಂದರೆ 3 ಗ್ರಾಂಗೆ 30 ಮಿ.ಗ್ರಾಂ. ರುಮಟಾಯ್ಡ್ ಸಂಧಿವಾತದ ಪ್ರಯೋಗಗಳಲ್ಲಿ ರೋಗಿಗಳಿಗೆ ಬೀಜದೆಣ್ಣೆಯಿಂದ ಈ ಆಮ್ಲವನ್ನು ದಿನಕ್ಕೆ 1.4ರಿಂದ 2.8 ಗ್ರಾಂ ಕೊಟ್ಟಿದ್ದರು. ಕಡಿಮೆ ಪ್ರಮಾಣವನ್ನು ಮುಟ್ಟಲೂ ದಿನಕ್ಕೆ 140 ಗ್ರಾಂ ಪುಡಿ ತಿನ್ನಬೇಕು! ಸಂಧಿವಾತಕ್ಕೆ ಒಂದು ಚಮಚ ಸ್ಪಿರುಲಿನಾ ಸಾಕೆನ್ನುವವರನ್ನು ಈ ಲೆಕ್ಕ ಕೇಳಿ.

ಇನ್ನೊಂದು ಅಣು ಸಲ್ಫೋಲಿಪಿಡ್: ಗಂಧಕವಿರುವ ಸಕ್ಕರೆಗೆ ಗ್ಲಿಸರಾಲ್ ಮೂಲಕ ಎರಡು ಕೊಬ್ಬಿನಾಮ್ಲಗಳು ಅಂಟಿಕೊಂಡ ರಚನೆ. ಸಯನೋಬ್ಯಾಕ್ಟೀರಿಯಾದ ಇಂಥ ಅಣುಗಳು ಎಚ್‌ಐವಿಯಿಂದ ಜೀವಕೋಶಗಳನ್ನು ಕಾಪಾಡಿದವೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು 1989ರಲ್ಲಿ ವರದಿ ಮಾಡಿದರು. ಅದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮಾತು. ನುಂಗಿದಾಗ ಕರುಳಿನ ಕಿಣ್ವಗಳು ಆ ಕೊಬ್ಬಿನಾಮ್ಲಗಳನ್ನು ಕತ್ತರಿಸುತ್ತವೆ. ತಟ್ಟೆಯಲ್ಲಿ ಕೆಲಸ ಮಾಡಿದ ಅಣು ಅದೇ ರೂಪದಲ್ಲಿ ರಕ್ತ ಸೇರುತ್ತದೆಂದು ಭಾವಿಸುವಂತಿಲ್ಲ.

ಗಾಮಾ-ಲಿನೋಲೆನಿಕ್ ಆಮ್ಲದಲ್ಲಿ ಮೂರು ಜೋಡಿಬಂಧಗಳಿರುವುದರಿಂದ ಗಾಳಿ, ಬೆಳಕು, ಶಾಖ ತಾಗಿದರೆ ಅದು ಬೇಗ ಕೆಡುತ್ತದೆ. ಬೆಳಕು ತೂರದ ಡಬ್ಬಿಯಲ್ಲಿ, ಬಿಗಿಯಾಗಿ ಮುಚ್ಚಿ, ತಂಪಿನಲ್ಲಿಡಿ. ಕಮಟು ವಾಸನೆ ಬಂದ ಪುಡಿಯನ್ನು ಎಸೆಯಿರಿ. ಆದರೆ ಮೂಗಿಗೆ ಸಿಗದ ಅಪಾಯವೂ ಒಂದಿದೆ: ತೆರೆದ ನೀರಿನಲ್ಲಿ ಜೊತೆಗೆ ಬೆಳೆಯುವ ಬೇರೆ ಸಯನೋಬ್ಯಾಕ್ಟೀರಿಯಾದಿಂದ ಯಕೃತ್ತಿಗೆ ವಿಷವಾದ ಮೈಕ್ರೋಸಿಸ್ಟಿನ್ ಬೆರೆಯಬಹುದು. ಕುದಿಸಿದರೂ ಅದು ಹೋಗದು. ಕೊಳ್ಳುವಾಗ ಆ ಬ್ಯಾಚಿನ ಪುಡಿಯ ಮೈಕ್ರೋಸಿಸ್ಟಿನ್ ಪರೀಕ್ಷಾ ವರದಿ ಕೇಳಿ ಪಡೆಯಿರಿ.