ಡೊಮೈನ್ ಯಾರ ಹೆಸರಿನಲ್ಲಿ ತೆಗೆಯಬೇಕು?

ಪ್ರಶ್ನೆ: ನಾವು ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ತೊಕ್ಕು, ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಇಷ್ಟು ದಿನ ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್ ತೆಗೆದುಕೊಳ್ಳುತ್ತಿದ್ದೆವು. ಈಗ ವೆಬ್‌ಸೈಟ್ ಮಾಡಿಸಲು ಹೊರಟಿದ್ದೇವೆ. ಮಾಡಿಕೊಡುವ ಹುಡುಗ ನಮ್ಮೂರಿನವನೇ. ‘ಡೊಮೈನ್ ನಾನೇ ತೆಗೆದುಕೊಡ್ತೇನೆ, ನೀವು ತಲೆ ಕೆಡಿಸ್ಕೊಳ್ಬೇಡಿ’ ಅನ್ನುತ್ತಾನೆ. ಒಪ್ಪಬಹುದಾ? ಹೆಸರು ಹೇಗಿದ್ದರೆ ಒಳ್ಳೆಯದು? ಡಾಟ್ ಕಾಮ್ ಬೇಕೇಬೇಕಾ, ಡಾಟ್ ಇನ್ ಸಾಕಾ?
– ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ಬೇರೆ ಯಾವುದಕ್ಕೆ ತಲೆ ಕೆಡಿಸಿಕೊಳ್ಳದಿದ್ದರೂ ಇದಕ್ಕೆ ಕೆಡಿಸಿಕೊಳ್ಳಿ. ಸೈಟಿನ ಬಣ್ಣ, ಫೋಟೊ, ಅಕ್ಷರ ಎಲ್ಲವನ್ನೂ ಆ ಹುಡುಗನಿಗೇ ಬಿಡಿ. ಡೊಮೈನ್ (ಸೈಟಿನ ವಿಳಾಸವಾಗುವ ಹೆಸರು) ಮಾತ್ರ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ಗೆ, ನಿಮ್ಮ ಫೋನ್ ನಂಬರಿಗೆ ನೋಂದಣಿಯಾಗಬೇಕು. ಸೈಟ್ ಚೆನ್ನಾಗಿಲ್ಲದಿದ್ದರೆ ಮುಂದಿನ ವರ್ಷ ಬೇರೆಯವರಿಂದ ಹೊಸದಾಗಿ ಕಟ್ಟಿಸಬಹುದು. ಜನರ ಬಾಯಲ್ಲಿ ಕೂತ ಹೆಸರು ಕೈತಪ್ಪಿದರೆ ಮತ್ತೆ ಸಿಗುವ ಭರವಸೆ ಇಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಮನೆಯಲ್ಲೇ ನಡೆದ ಒಂದು ಘಟನೆ. ಮೂಡಿಗೆರೆ ಕಡೆ ನಮ್ಮ ಭಾವನ ಹೋಮ್‌ಸ್ಟೇ ಇದೆ. 2013ರಲ್ಲಿ ಅದಕ್ಕೊಂದು ಸೈಟ್ ಮಾಡಿಸಿದರು. ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿದರು, ರಸ್ತೆ ತಿರುವಿನ ಬೋರ್ಡಿನಲ್ಲಿ ಬರೆಸಿದರು, ಜೀಪಿನ ಹಿಂಬದಿಗೂ ಪೇಂಟ್ ಮಾಡಿಸಿದರು. 2017ರ ಮಳೆಗಾಲದಲ್ಲಿ ಒಂದು ದಿನ ಸೈಟ್ ತೆರೆಯಲಿಲ್ಲ. ನಾನು ಲ್ಯಾಪ್‌ಟಾಪ್ ಹಿಡಿದು ಅವರ ಊಟದ ಮೇಜಿನ ಮುಂದೆ ಕೂತು ‘ಹೂಈಸ್’ ತೆರೆದೆ. ಯಾವ ಡೊಮೈನ್ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ದಾಖಲೆ ಅದು, ನಮ್ಮ ಜಮೀನಿನ ಪಹಣಿ ಇದ್ದ ಹಾಗೆ. ರಿಜಿಸ್ಟ್ರೆಂಟ್ (ನೋಂದಣಿದಾರ) ಎಂಬ ಸಾಲಿನಲ್ಲಿ ಸೈಟ್ ಮಾಡಿಕೊಟ್ಟವರ ಹೆಸರು, ಅವರ ಇಮೇಲ್, ಅವರ ನಂಬರ್. ನಂಬರಿಗೆ ಕರೆ ಮಾಡಿದರೆ ಸ್ವಿಚ್ ಆಫ್. ಭಾವ ಒಳಗೆ ಹೋಗಿ ಫೈಲ್ ತಂದು, ‘ದುಡ್ಡು ಕೊಟ್ಟಿದ್ದು ನಾನು, ವರ್ಷವರ್ಷದ ರಸೀದಿ ಇದೆ ನೋಡು’ ಎಂದರು. ಎಲ್ಲ ರಸೀದಿಗಳಲ್ಲೂ ಇದ್ದದ್ದು ‘ವೆಬ್‌ಸೈಟ್ ನಿರ್ವಹಣೆ’ ಎಂಬ ಒಂದೇ ಸಾಲು. ಡೊಮೈನಿನ ಮಾತೇ ಇರಲಿಲ್ಲ.

ಆಮೇಲೆ ತಿಳಿಯಿತು, ಆ ಮನುಷ್ಯ ಮೋಸವನ್ನೇನೂ ಮಾಡಿರಲಿಲ್ಲ. ಕೆಲಸ ನಿಲ್ಲಿಸಿ ಹೊರದೇಶಕ್ಕೆ ಹೋಗಿದ್ದರು, ನವೀಕರಣದ ಮೇಲ್‌ಗಳು ಯಾರೂ ತೆರೆಯದ ಇಮೇಲ್‌ಗೆ ಹೋಗಿ ಬಿದ್ದಿದ್ದವು. ಅವರನ್ನು ಹುಡುಕುವಷ್ಟರಲ್ಲಿ ಹೆಸರನ್ನು ಯಾರೋ ಎತ್ತಿಕೊಂಡು ‘ಮಾರಾಟಕ್ಕಿದೆ’ ಎಂಬ ಪುಟ ಹಾಕಿದ್ದರು. ಭಾವ ಬೋರ್ಡಿಗೂ ಜೀಪಿಗೂ ಮತ್ತೆ ಬಣ್ಣ ಹೊಡೆಸಿದರು. ಹಾಗಾಗಿ ನಿಮ್ಮ ಹುಡುಗ ಒಳ್ಳೆಯವನೇ ಎಂಬುದರಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಒಳ್ಳೆಯವರೂ ಕೆಲಸ ಬದಲಿಸುತ್ತಾರೆ, ಫೋನ್ ನಂಬರ್ ಬದಲಿಸುತ್ತಾರೆ.

ಇಲ್ಲಿ ಯಾರು ಯಾರು ಇದ್ದಾರೆ ಎಂಬುದು ತಿಳಿದಿರಲಿ. ಎಲ್ಲಕ್ಕಿಂತ ಮೇಲೆ ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ. ಅದರ ಕೆಳಗೆ ಒಂದೊಂದು ಬಾಲಕ್ಕೆ ಒಂದೊಂದು ರಿಜಿಸ್ಟ್ರಿ, ಅಂದರೆ ಆ ಬಾಲದ ಹೆಸರುಗಳ ಲೆಕ್ಕ ಇಡುವ ಸಂಸ್ಥೆ: ಡಾಟ್ ಕಾಮ್‌ಗೆ ಅಮೆರಿಕದ ವೆರಿಸೈನ್, ಡಾಟ್ ಇನ್‌ಗೆ ನಮ್ಮ ನಿಕ್ಸಿ. ನೀವು ದುಡ್ಡು ಕೊಡುವುದು ಇವರಿಗಲ್ಲ, ಇವರ ಪರವಾಗಿ ಮಾರುವ ರಿಜಿಸ್ಟ್ರಾರ್ ಕಂಪನಿಗೆ. ಕೊನೆಗೆ ರಿಜಿಸ್ಟ್ರೆಂಟ್, ಅಂದರೆ ನೀವು. ನಿಮಗೆ ಸಿಗುವುದೂ ಕ್ರಯಪತ್ರವಲ್ಲ, ಒಂದರಿಂದ 10 ವರ್ಷದವರೆಗಿನ ಲೀಸ್. ಕಾಲಕಾಲಕ್ಕೆ ಕಟ್ಟುತ್ತಾ ಹೋದರೆ ಹೆಸರು ನಿಮ್ಮದೇ.

ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ರಿಜಿಸ್ಟ್ರಾರ್ ಸೈಟಿನಲ್ಲಿ ನಿಮ್ಮದೇ ಖಾತೆ ತೆರೆಯಿರಿ, ನಿಮ್ಮ ಯುಪಿಐನಿಂದಲೇ ಹಣ ಕಟ್ಟಿ, ಪಾಸ್‌ವರ್ಡ್ ನಿಮ್ಮಲ್ಲಿರಲಿ. ಹುಡುಗನಿಗೆ ಬೇಕಾಗುವುದು ನೇಮ್‌ಸರ್ವರ್ ಬದಲಾವಣೆ ಮಾತ್ರ, ಅಂದರೆ ಈ ಹೆಸರು ಟೈಪಿಸಿದವರನ್ನು ಯಾವ ಕಂಪ್ಯೂಟರಿಗೆ ಕಳಿಸಬೇಕು ಎಂದು ಹೇಳುವ ಎರಡು ಸಾಲು. ಅವನು ಬರೆದು ಕೊಟ್ಟರೆ ನೀವೇ ಹಾಕಬಹುದು. ಎರಡು ಕಡೆ ಎಚ್ಚರ ಬೇಕು. ಡಾಟ್ ಕಾಮ್‌ನಂಥ ಡೊಮೈನ್ ತೆಗೆದ ಕೂಡಲೇ ನಿಮ್ಮ ಇಮೇಲ್ ಖಚಿತಪಡಿಸುವಂತೆ ಒಂದು ಮೇಲ್ ಬರುತ್ತದೆ. 15 ದಿನದೊಳಗೆ ಅದರಲ್ಲಿರುವ ಕೊಂಡಿ ಒತ್ತದಿದ್ದರೆ ಸೈಟ್ ನಿಂತುಹೋಗಬಹುದು. ಇನ್ನೊಂದು, ಖಾತೆಗೆ ಕೊಡುವ ಇಮೇಲ್ ಆ ಡೊಮೈನಿನದ್ದೇ ಆಗಿರಬಾರದು. ಡೊಮೈನ್ ಮುಗಿದ ದಿನ ಆ ಇಮೇಲೂ ಸತ್ತುಹೋಗುತ್ತದೆ, ‘ಮುಗಿದಿದೆ, ಹಣ ಕಟ್ಟಿ’ ಎಂಬ ಮೇಲ್ ನಿಮಗೆ ತಲುಪುವುದೇ ಇಲ್ಲ. ನೀವು ದಿನವೂ ನೋಡುವ ಜಿಮೇಲ್ ಕೊಡಿ.

ಬೆಲೆಯ ವಿಷಯಕ್ಕೆ ಬಂದರೆ, ‘ಮೊದಲ ವರ್ಷ 99 ರೂಪಾಯಿ’ ಎಂಬಂಥ ಜಾಹೀರಾತು ನೋಡಿ ನಿರ್ಧರಿಸಬೇಡಿ. ಡಾಟ್ ಕಾಮ್ ಒಂದಕ್ಕೆ ವೆರಿಸೈನ್ ರಿಜಿಸ್ಟ್ರಾರ್‌ಗಳಿಂದ ಪಡೆಯುವ ಸಗಟು ದರ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 10.26 ಡಾಲರ್ ಆಯಿತು. ಅದಕ್ಕಿಂತ ಕಡಿಮೆಗೆ ಕೊಡುವವರು ಮುಂದಿನ ವರ್ಷದ ಬಿಲ್ಲಿನಲ್ಲಿ ಅದನ್ನು ವಾಪಸ್ ಪಡೆಯುತ್ತಾರೆ. ‘ನವೀಕರಣ ದರ’ ಎಷ್ಟು ಎಂದು ಹುಡುಕಿ, ಅದರ ಮೇಲೆ ಜಿಎಸ್‌ಟಿ ಸೇರಿಸಿ, ಆಮೇಲೆ ಹೋಲಿಸಿ.

ಈಗ ಹೆಸರು. ಕನ್ನಡದವರಿಗೆ ಇಲ್ಲಿ ಒಂದು ತೊಡಕಿದೆ, ಅದನ್ನು ಇಂಗ್ಲಿಷ್ ಸಲಹೆಗಳಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಒಂದೇ ದಾರಿ ಇಲ್ಲ. ‘ಉಪ್ಪಿನಕಾಯಿ’ಯ ಕೊನೆಯನ್ನೇ ನೋಡಿ: ಒಬ್ಬರು ಕೆ-ಎ-ಐ ಅನ್ನುತ್ತಾರೆ, ಇನ್ನೊಬ್ಬರು ಕೆ-ಎ-ವೈ-ಐ, ಮತ್ತೊಬ್ಬರು ಎರಡು ‘ಎ’ ಹಾಕುತ್ತಾರೆ. ‘ಶ್ರೀ’ಗೆ ಕಡಿಮೆಯೆಂದರೆ ಮೂರು ರೂಪ. ‘ಲಕ್ಷ್ಮಿ’ಯ ನಡುವೆ ಕೆಲವರಿಗೆ ಕೆ-ಎಸ್-ಎಚ್, ಕೆಲವರಿಗೆ ಎಕ್ಸ್. ‘ತ’ಕಾರಕ್ಕೆ ನಾವು ಟಿ-ಎಚ್ ಹಾಕುತ್ತೇವೆ, ಮುಂಬಯಿಯ ಗಿರಾಕಿ ಬರೀ ಟಿ ಹಾಕುತ್ತಾನೆ. ನಿಮ್ಮ ಊರನ್ನೇ ತೆಗೆದುಕೊಳ್ಳಿ. ನಾವು ‘ಶಿರಸಿ’ ಅನ್ನುತ್ತೇವೆ, ಇಂಗ್ಲಿಷ್ ಬೋರ್ಡಿನಲ್ಲಿ ‘ಎಚ್’ ಇಲ್ಲ, ನಡುವಿನ ‘ಎ’ಯೂ ಇಲ್ಲ. ಕೇಳಿಸಿಕೊಂಡ ಹಾಗೆ ಟೈಪ್ ಮಾಡಿದವರು ಬೇರೆಲ್ಲಿಗೋ ಹೋಗುತ್ತಾರೆ.

ಅದಕ್ಕೆ ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಇದು. ಹೆಸರನ್ನು ಕಾಗದದಲ್ಲಿ ತೋರಿಸಬೇಡಿ. ಹುಬ್ಬಳ್ಳಿಯಲ್ಲಿರುವ ಚಿಕ್ಕಮ್ಮನಿಗೆ, ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ, ಹೀಗೆ ಐದು ಜನಕ್ಕೆ ಫೋನ್ ಮಾಡಿ ಹೆಸರನ್ನು ಒಂದೇ ಸಲ ಬಾಯಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಟೈಪ್ ಮಾಡಿ ವಾಟ್ಸ್‌ಆ್ಯಪ್ ಕಳಿಸಲು ಹೇಳಿ. ನಾಲ್ವರು ಒಂದೇ ಥರ ಬರೆದರೆ ಆ ಹೆಸರು ನಡೆಯುತ್ತದೆ. ಐವರೂ ಐದು ಥರ ಬರೆದರೆ ಬಿಡಿ, ಎಷ್ಟೇ ಇಷ್ಟವಾದರೂ ಬಿಡಿ. ಎರಡು ರೂಪ ಬಂದರೆ ಎರಡನ್ನೂ ತೆಗೆದು ಒಂದನ್ನು ಇನ್ನೊಂದಕ್ಕೆ ತಿರುಗಿಸಬಹುದು. ಹೆಸರಿನಲ್ಲಿ 63 ಅಕ್ಷರದವರೆಗೆ ಜಾಗವಿದೆ, ಅಷ್ಟು ಯಾರಿಗೂ ಬೇಡ. ನಡುವೆ ಅಡ್ಡಗೆರೆ, ಅಂಕಿ ಬೇಡ. ಫೋನಿನಲ್ಲಿ ‘ಆಮೇಲೊಂದು ಗೆರೆ ಹಾಕಿ’ ಎಂದು ವಿವರಿಸಬೇಕಾಗುತ್ತದೆ.

ಹೆಸರಿನಲ್ಲಿ ‘ಅಪ್ಪೆಮಿಡಿ’ ಒಂದನ್ನೇ ಇಡಬೇಕು ಅಂತ ನಿಮಗೆ ಅನ್ನಿಸಿರಬಹುದು. ಬೇಡ ಅನ್ನುತ್ತೇನೆ. ಹಪ್ಪಳ, ತೊಕ್ಕು ಹೊರಗುಳಿಯುತ್ತವೆ ಎಂಬುದು ಒಂದು ಕಾರಣ. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಅದು ಮಲೆನಾಡಿನ ಬೆಳೆಗಾರರೆಲ್ಲರ ಹೆಸರು, ಒಬ್ಬರ ಬ್ರ್ಯಾಂಡ್ ಆಗುವಂಥದ್ದಲ್ಲ ಎಂಬುದು ಇನ್ನೊಂದು. ಮನೆತನದ ಹೆಸರೋ ಕೇರಿಯ ಹೆಸರೋ ಸೇರಿದ ಪುಟ್ಟ ಹೆಸರು ಹುಡುಕಿ.

ಬೇರೆಯವರ ಪ್ರಸಿದ್ಧ ಬ್ರ್ಯಾಂಡನ್ನು ಹೋಲುವ ಹೆಸರು ಖಾಲಿ ಸಿಕ್ಕಿತೆಂದು ತೆಗೆಯಬೇಡಿ. ‘ಸಿಫಿ’ ಎಂಬ ಹೆಸರಿನ ಸತ್ಯಂ ಇನ್ಫೋವೇ ಕಂಪನಿಗೂ, ಒಂದು ‘ಎಫ್’ ಹೆಚ್ಚು ಹಾಕಿ ಡೊಮೈನ್ ತೆಗೆದ ಇನ್ನೊಂದು ಕಂಪನಿಗೂ ನಡೆದ ವ್ಯಾಜ್ಯ ಕರ್ನಾಟಕ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2004ರಲ್ಲಿ ಕೋರ್ಟ್ ಮೊದಲು ಬಳಸಿದವರ ಪರ ನಿಂತು, ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆಯೇ ರಕ್ಷಣೆ ಉಂಟು ಎಂದಿತು.

ಡಾಟ್ ಕಾಮ್ ಅಥವಾ ಡಾಟ್ ಇನ್? ನಿಮ್ಮ ಗಿರಾಕಿಗಳು ದೇಶದೊಳಗಿನವರೇ ಆಗಿದ್ದರೆ ಡಾಟ್ ಇನ್ ಧಾರಾಳ ಸಾಕು. ಅದು ಸಾರ್ವಜನಿಕರಿಗೆ ಸಲೀಸಾಗಿ ಸಿಗತೊಡಗಿದ್ದು 2005ರಿಂದ, ಹಾಗಾಗಿ ಒಳ್ಳೆಯ ಹೆಸರು ಖಾಲಿ ಸಿಗುವ ಸಾಧ್ಯತೆ ಡಾಟ್ ಕಾಮ್‌ಗಿಂತ ಹೆಚ್ಚು. ಆದರೆ ಡಾಟ್ ಇನ್ ತೆಗೆಯುವಾಗ ಗುರುತಿನ ದಾಖಲೆ ಕೇಳಬಹುದು, ನಿಮ್ಮ ವಿವರ ಮರೆಮಾಡುವ ಸೇವೆಗೂ ಅಲ್ಲಿ ಅವಕಾಶವಿಲ್ಲ. ದುಬೈ, ಅಮೆರಿಕದ ಕನ್ನಡಿಗರಿಗೂ ಕಳಿಸುವ ಯೋಚನೆ ಇದ್ದರೆ ಎರಡನ್ನೂ ತೆಗೆದಿಡಿ. ಬಾಲಕ್ಕೂ ಒಂದು ಅರ್ಥ ಇದೆ ಎಂಬುದನ್ನು ಈಚೆಗೆ ಬ್ಯಾಂಕುಗಳ ವಿಷಯದಲ್ಲಿ ನೋಡಿರುತ್ತೀರಿ. ನಕಲಿ ಸೈಟುಗಳ ಹಾವಳಿ ತಡೆಯಲು ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳೆಲ್ಲ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು ಹೇಳಿತು. ಬ್ಯಾಂಕ್ ಅಲ್ಲದವರಿಗೆ ಆ ಬಾಲ ಸಿಗುವುದಿಲ್ಲ.

‘ಡಾಟ್ ಭಾರತ’ ಎಂದು ಪೂರ್ತಿ ಕನ್ನಡ ಲಿಪಿಯಲ್ಲೇ ಇರುವ ಡೊಮೈನ್ ಕೂಡ ಇದೆ, ಅದನ್ನೂ ನಿಕ್ಸಿಯೇ ನೋಡಿಕೊಳ್ಳುತ್ತದೆ. ಇಂಗ್ಲಿಷ್ ಕಾಗುಣಿತದ ಆ ಎಲ್ಲ ಗೊಂದಲ ಅಲ್ಲಿ ಒಂದೇ ಏಟಿಗೆ ಮಾಯ: ಉಪ್ಪಿನಕಾಯಿ ಅಂದರೆ ಉಪ್ಪಿನಕಾಯಿ. ನನಗೆ ಅದು ತುಂಬಾ ಇಷ್ಟ. ಆದರೆ ಒಳಗೆ ಕಂಪ್ಯೂಟರ್ ಅದನ್ನು ‘ಎಕ್ಸ್ಎನ್’ನಿಂದ ಶುರುವಾಗುವ ಇಂಗ್ಲಿಷ್ ಅಕ್ಷರಮಾಲೆಯಾಗಿ ಬದಲಿಸಿ ಓದುತ್ತದೆ, ಕೆಲವು ಕಡೆ ಗಿರಾಕಿಗೆ ಕಾಣುವುದೂ ಆ ರೂಪವೇ. ಎಷ್ಟೋ ಫಾರ್ಮ್‌ಗಳು ಕನ್ನಡದ ಇಮೇಲ್ ವಿಳಾಸ ಸ್ವೀಕರಿಸುವುದಿಲ್ಲ. ಅದಕ್ಕೆ ಕನ್ನಡದ್ದನ್ನು ಎರಡನೆಯದಾಗಿ ತೆಗೆದು ಮುಖ್ಯ ಸೈಟಿಗೆ ತಿರುಗಿಸಿ, ಬಾಟಲಿಯ ಲೇಬಲ್ ಮೇಲೆ ಎರಡನ್ನೂ ಅಚ್ಚು ಹಾಕಿಸಿ.

ನವೀಕರಣ ಮರೆಯುವುದು ದೊಡ್ಡವರಿಗೂ ತಪ್ಪಿದ್ದಲ್ಲ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್, ಹಾಟ್‌ಮೇಲ್ ಲಾಗಿನ್‌ಗೆ ಬೇಕಾದ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್‌ಗೆ ಹಣ ಕಟ್ಟಲು ಮರೆತು ಹಾಟ್‌ಮೇಲ್ ಬಳಕೆದಾರರು ಒಳಗೆ ಹೋಗಲಾಗದೆ ಒದ್ದಾಡಿದರು. ಕೊನೆಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿದ. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಮೇಲೆ ಕೆಲವು ದಿನ ಮಾಮೂಲಿ ದರದಲ್ಲೇ ಕಟ್ಟಬಹುದು. ಎಷ್ಟು ದಿನ ಎಂಬುದು ರಿಜಿಸ್ಟ್ರಾರ್ ಮೇಲೆ ಹೋಗುತ್ತದೆ, ಹೆಚ್ಚೆಂದರೆ 45. ಅದೂ ದಾಟಿದರೆ 30 ದಿನ ದುಬಾರಿ ದಂಡದೊಂದಿಗೆ ಬಿಡಿಸಿಕೊಳ್ಳಬಹುದು. ಆಮೇಲೆ ಹೆಸರು ಬಯಲಿಗೆ ಬೀಳುತ್ತದೆ. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿ, ಆಟೊ ರಿನ್ಯೂ ಹಾಕಿಡಿ, ಮನೆಯ ಕ್ಯಾಲೆಂಡರಿನಲ್ಲೂ ಬರೆಯಿರಿ.

ಹುಡುಗ ಈಗಾಗಲೇ ತನ್ನ ಹೆಸರಿನಲ್ಲಿ ತೆಗೆದುಬಿಟ್ಟಿದ್ದರೆ ಗಾಬರಿ ಬೇಡ. ಅವನದೇ ರಿಜಿಸ್ಟ್ರಾರ್‌ನಲ್ಲಿ ನೀವೂ ಖಾತೆ ತೆರೆದರೆ ಸಾಮಾನ್ಯವಾಗಿ ನಿಮ್ಮ ಖಾತೆಗೆ ಅಲ್ಲೇ ದಾಟಿಸಬಹುದು, ಜೊತೆಗೆ ರಿಜಿಸ್ಟ್ರೆಂಟ್ ಹೆಸರನ್ನೂ ಬದಲಿಸಿ. ಬೇರೆ ಕಂಪನಿಗೆ ಒಯ್ಯುವುದಾದರೆ ‘ಆಥ್ ಕೋಡ್’ ಎಂಬ ಗುಟ್ಟಿನ ಸಂಕೇತ ಬೇಕು. ಡಾಟ್ ಕಾಮ್ ಆದರೆ ತೆಗೆದ ಮೊದಲ 60 ದಿನ ಸಾಮಾನ್ಯವಾಗಿ ಬೀಗ ಇರುತ್ತದೆ. 2018ರಿಂದೀಚೆಗೆ ಡಾಟ್ ಕಾಮ್‌ನ ಹೂಈಸ್‌ನಲ್ಲಿ ವ್ಯಕ್ತಿಯ ಹೆಸರು ಹೆಚ್ಚಾಗಿ ಮುಚ್ಚಿರುತ್ತದೆ, ಹಾಗಾಗಿ ಹೊರಗಿನಿಂದ ನೋಡಿ ತೃಪ್ತಿಪಡಬೇಡಿ. ಖಾತೆಯ ಒಳಗೆ ಹೋಗಿ ನಿಮ್ಮ ಹೆಸರನ್ನು ಕಣ್ಣಾರೆ ಓದಿ.

ಇನ್ನು ಊರಿನ ಹುಡುಗನಿಗೆ ಬೇಸರವಾಗದ ಹಾಗೆ ಹೇಳುವುದು ಹೇಗೆ ಎಂಬ ಚಿಂತೆ ಇರಬಹುದು. ಒಂದು ಮಧ್ಯಾಹ್ನ ಅವನನ್ನು ಊಟಕ್ಕೆ ಕರೆಯಿರಿ. ‘ಡೊಮೈನ್ ನಮ್ಮ ಖಾತೆಯಲ್ಲೇ ತೆಗೆಯೋಣಪ್ಪ, ನೀನು ಪಕ್ಕದಲ್ಲಿ ಕೂತು ತೋರಿಸಿಕೊಡು’ ಅನ್ನಿ. ಕೆಲಸ ಬಲ್ಲ ಹುಡುಗನಾದರೆ ಅವನಿಗೆ ಅದರಿಂದ ನಿರಾಳವೇ, ನಿಮ್ಮ ನವೀಕರಣದ ತಾರೀಖು ನೆನಪಿಟ್ಟುಕೊಳ್ಳುವ ಹೊರೆ ಅವನ ತಲೆಯಿಂದ ಇಳಿಯುತ್ತದೆ.