ಹಳೆ ಆಕ್ಟೇವಿಯಾ ಆರ್‌ಎಸ್‌ಗೆ ಯಾವ ರೇಡಿಯೇಟರ್ ಹಾಕಿಸುವುದು?

ಪ್ರಶ್ನೆ: ನನ್ನಲ್ಲಿ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಉಂಟು. ಉಡುಪಿಯಿಂದ ಶಿವಮೊಗ್ಗಕ್ಕೆ ಹೋಗುವಾಗ ಆಗುಂಬೆ ಘಾಟಿಯಲ್ಲಿ ಬಿಸಿಯಾಗ್ತದೆ. ರೇಡಿಯೇಟರ್ ಹೋಗಿದೆ ಅಂತ ಗ್ಯಾರೇಜಿನಲ್ಲಿ ಹೇಳಿದ್ರು. ಕಂಪನಿ ಅಳತೆಯದ್ದೇ ಹಾಕುವುದಾ, ದಪ್ಪ ಕೋರಿನ (ನೀರು ತಣ್ಣಗಾಗುವ ಟ್ಯೂಬ್‌ಗಳ ಜಾಲ) ರೇಸಿಂಗ್ ರೇಡಿಯೇಟರ್ ತರಿಸುವುದಾ, ತಾಮ್ರದ ಕೋರ್ ಕಟ್ಟಿಸುವುದಾ?

ಉತ್ತರ: ಎಂಜಿನ್ ಕಂಪನಿಯಿಂದ ಬಂದ ಹಾಗೆಯೇ ಇದ್ದರೆ ಕಂಪನಿ ಅಳತೆಯದ್ದನ್ನೇ ಹಾಕಿಸಿ. 1.8 ಲೀಟರಿನ ಆ ಟರ್ಬೊ ಎಂಜಿನ್ ಕೊಡುವುದು 150 ಅಶ್ವಶಕ್ತಿ. ಅದರ ಬಿಸಿಯನ್ನು ಹೊರಹಾಕಲು ಮೂಲ ರೇಡಿಯೇಟರ್ ಚೆನ್ನಾಗಿದ್ದರೆ ಸಾಕು. ಆದರೆ ರೇಡಿಯೇಟರ್ ನಿಜವಾಗಿ ಹೋಗಿದೆಯೇ ಎಂದು ನೋಡದೆ ದುಡ್ಡು ಕೊಡಬೇಡಿ.

ಗಾಡಿ ಯಾವಾಗ ಬಿಸಿಯಾಗುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಉಡುಪಿಯ ಕಲ್ಸಂಕದಲ್ಲೋ ಮಂಗಳೂರಿನ ಪಂಪ್‌ವೆಲ್‌ನಲ್ಲೋ ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿಯಾಗಿ, ಹೆದ್ದಾರಿಗೆ ಬಿದ್ದ ಕೂಡಲೇ ಇಳಿದರೆ ಮೊದಲು ಫ್ಯಾನ್ ನೋಡಬೇಕು. ಹೆದ್ದಾರಿಯಲ್ಲಿ ಓಡುವಾಗಲೇ ಏರಿದರೆ ಕೋರಿನ ಟ್ಯೂಬ್ ಕಟ್ಟಿಕೊಂಡಿರಬಹುದು, ಇಲ್ಲವೇ ನೀರು ಸರಿಯಾಗಿ ತಿರುಗುತ್ತಿಲ್ಲ. ಘಾಟಿ ಎರಡನ್ನೂ ಒಟ್ಟಿಗೆ ಪರೀಕ್ಷಿಸುತ್ತದೆ. ಸೋಮೇಶ್ವರ ದಾಟಿದ ಮೇಲೆ 14 ಹೇರ್‌ಪಿನ್ ತಿರುವು, ಎರಡನೇ ಗೇರು, ಟರ್ಬೊ ಪೂರ್ತಿ ದುಡಿಯುತ್ತಿರುತ್ತದೆ, ಎದುರುಗಾಳಿ ಮಾತ್ರ ಇಲ್ಲ. ಮೇಲಿಂದ ಎಸಿಯೂ ಇದ್ದರೆ ರೇಡಿಯೇಟರಿನ ಮುಂದಿರುವ ಎಸಿಯ ಕಂಡೆನ್ಸರ್ ದಾಟಿ ಬಂದ ಬಿಸಿಗಾಳಿಯೇ ರೇಡಿಯೇಟರಿಗೆ ಗತಿ.

ಈ ಎಂಜಿನ್ನಿನಲ್ಲಿ ಎರಡು ಕಡೆ ವಿಶೇಷವಾಗಿ ಅನುಮಾನ ಪಡಬೇಕು. ಒಂದು, ವಾಟರ್ ಪಂಪ್. ಟೈಮಿಂಗ್ ಬೆಲ್ಟ್ ತಿರುಗಿಸುವ ಈ ಪಂಪಿನ ಒಳಗಿನ ರೆಕ್ಕೆ ಹಲವು ಗಾಡಿಗಳಲ್ಲಿ ಪ್ಲಾಸ್ಟಿಕ್ಕಿನದು. ಅದು ಬಿರುಕು ಬಿಟ್ಟು ಶಾಫ್ಟ್ ಮೇಲೆ ಜಾರತೊಡಗಿದರೆ ಹೊರಗಿಂದ ಏನೂ ಕಾಣುವುದಿಲ್ಲ, ಒಂದು ಹನಿಯೂ ಸೋರುವುದಿಲ್ಲ, ನೀರು ಮಾತ್ರ ತಿರುಗುವುದಿಲ್ಲ. ಬೆಲ್ಟ್ ಬದಲಿಸುವ ಹೊತ್ತಾಗಿದ್ದರೆ ಲೋಹದ ರೆಕ್ಕೆಯ ಪಂಪನ್ನೂ ಜೊತೆಗೇ ಹಾಕಿಸಿ. ಇನ್ನೊಂದು, ಫ್ಯಾನಿನ ಮೊದಲ ವೇಗ. ಫ್ಯಾನ್ ಎರಡು ವೇಗದ್ದು. ಮೊದಲನೆಯದು ಸುಟ್ಟುಹೋಗಿ ಎರಡನೆಯದು ಮಾತ್ರ ಉಳಿದಿದ್ದರೆ, ಬಿಸಿ ಮಿತಿಮೀರುವವರೆಗೂ ಫ್ಯಾನ್ ಸುಮ್ಮನಿರುತ್ತದೆ. ಎಸಿ ಹಾಕಿದ ಕೂಡಲೇ ಫ್ಯಾನ್ ತಿರುಗಬೇಕು. ಬಾನೆಟ್ ತೆಗೆದು ನೋಡಿದರೆ ಒಂದು ನಿಮಿಷದ ಕೆಲಸ.

ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳನ್ನು ಪೂರ್ತಿ ನಂಬಬೇಡಿ. ಈ ಗಾಡಿಗಳ ಮುಳ್ಳು ಬಿಸಿ ಸ್ವಲ್ಪ ಏರಿದರೂ ಇಳಿದರೂ 90 ಡಿಗ್ರಿಯಲ್ಲೇ ನಿಲ್ಲುವಂತೆ ಮಾಡಿದ್ದಾರೆ. ಅದು ಅಲುಗಾಡುವಷ್ಟರಲ್ಲಿ ವಿಷಯ ಕೈಮೀರಿರುತ್ತದೆ. ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಒಬಿಡಿ ಡಾಂಗಲ್ ಚುಚ್ಚಿ ಮೊಬೈಲಿನಲ್ಲಿ ನಿಜವಾದ ಅಂಕಿ ನೋಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಎಂಜಿನ್ ಬಿಸಿಯಾದ ಮೇಲೆ ಕೋರಿನ ಉದ್ದಕ್ಕೂ ಹಾಯಿಸಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ನಿಧಾನಕ್ಕೆ ಇಳಿಯಬೇಕು. ನಡುವೆ ಎಲ್ಲೋ ಒಂದು ಪಟ್ಟಿ ತಣ್ಣಗಿದ್ದರೆ ಅಲ್ಲಿನ ಟ್ಯೂಬ್‌ಗಳು ಕಟ್ಟಿವೆ. ಆಗ ಗ್ಯಾರೇಜಿನವರ ಮಾತು ಸರಿ.

ಇನ್ನೊಂದನ್ನು ನಮ್ಮ ಊರಿನವರು ನೋಡಲೇಬೇಕು: ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವಿನ ಸಂದು. ಮುರಕಲ್ಲಿನ ಕೆಂಪು ಧೂಳು, ಒಣಗಿದ ಎಲೆ, ಹುಳ, ಮೇಲಿಂದ ಮಳೆಗಾಲದ ಕೆಸರು ಸೇರಿ ಅಲ್ಲೊಂದು ಗೋಡೆಯೇ ಎದ್ದಿರುತ್ತದೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಮಾತ್ರ ಕಾಣುವುದರಿಂದ ಎಲ್ಲ ಶುಚಿಯಾಗಿದೆ ಅನ್ನಿಸುತ್ತದೆ. ಬಿಚ್ಚಿ ಸಾಧಾರಣ ಪೈಪಿನ ನೀರಿನಲ್ಲಿ ತೊಳೆಯಿರಿ. ವಾಟರ್ ಸರ್ವಿಸಿನ ಜೋರು ನೀರು ಹಿಡಿದರೆ ಟ್ಯೂಬ್‌ಗಳ ನಡುವಿನ ತೆಳು ಲೋಹದ ಫಿನ್‌ಗಳು ಮಡಚಿ ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ.

ಕೋರ್ ಹೋಗಿರುವುದು ಖಚಿತವಾದರೆ, ಹಳೆಯದರ ಮೇಲಿನ ಪಾರ್ಟ್ ನಂಬರ್ ಬರೆದುಕೊಳ್ಳಿ. ಸಾಮಾನ್ಯವಾಗಿ ಅದು 1ಜೆ0 121 253 ಎಂದು ಶುರುವಾಗುತ್ತದೆ. ಕೊನೆಯ ಅಕ್ಷರಗಳು ಬೇರೆಯಾದರೆ ಅಳತೆಯೂ ಬೇರೆಯಾಗಬಹುದು. ಅಂಗಡಿಯಲ್ಲಿ ಬರೀ ‘ಆಕ್ಟೇವಿಯಾ ಪೆಟ್ರೋಲ್’ ಎಂದು ಕೇಳಿ ತಂದರೆ ಫ್ಯಾನಿನ ಕವಚ ಕೂರದೆ ಒದ್ದಾಡಬೇಕಾಗುತ್ತದೆ. ಕೋರಿನ ಎತ್ತರ, ಅಗಲ, ದಪ್ಪ ಅಳೆದು ನೋಡಿ. ಫ್ಯಾನ್ ಸ್ವಿಚ್ ಕೂರುವ ತೂತು ಇದೆಯೇ ಎಂದೂ ನೋಡಿ. ರೇಸಿಂಗ್ ರೇಡಿಯೇಟರ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ.

ದಪ್ಪ ಕೋರಿನ ಬಗ್ಗೆ ನನ್ನ ಆಕ್ಷೇಪ ಗಾಳಿಯದ್ದು. ವೇಗವಾಗಿ ಓಡುವ ಟ್ರ್ಯಾಕಿನಲ್ಲಿ ಅದರಿಂದ ಲಾಭ ಇದೆ. ಗಂಟೆಗೆ 25 ಕಿ.ಮೀ.ನಲ್ಲಿ ತಿರುವು ಹತ್ತುವಾಗ ಗಾಳಿ ಎಳೆಯುವುದು ಫ್ಯಾನ್ ಒಂದೇ, ದಪ್ಪ ಕೋರಿನ ಮೂಲಕ ಎಳೆಯಲು ಅದಕ್ಕೆ ಕಷ್ಟ. ಕವಚ ಬಿಚ್ಚಿಟ್ಟು ಕೋರ್ ಕೂರಿಸಿದರೆ ಇನ್ನೂ ಕೆಟ್ಟದ್ದು. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿ ಶಕ್ತಿ ಗಣನೀಯವಾಗಿ ಏರಿಸಿದ್ದರೆ ಮಾತ್ರ, ಟ್ಯಾಂಕಿಗೆ ಟಿಗ್ ಬೆಸುಗೆ ಹಾಕಿದ ಪೂರ್ತಿ ಅಲ್ಯೂಮಿನಿಯಂ ರೇಡಿಯೇಟರನ್ನು ಒಳ್ಳೆಯ ಫ್ಯಾನ್ ಜೊತೆ ಯೋಚಿಸಿ.

ತಾಮ್ರ ಬೇಡ. ತಾಮ್ರ ಅಲ್ಯೂಮಿನಿಯಂಗಿಂತ ಚೆನ್ನಾಗಿ ಬಿಸಿ ಸಾಗಿಸುತ್ತದೆ ನಿಜ. ಆದರೆ ಅಂಥ ಕೋರಿನಲ್ಲಿ ಹಿತ್ತಾಳೆ ಟ್ಯೂಬ್‌ಗೆ ಫಿನ್ ಅಂಟಿಸುವುದು ಸೀಸ ಬೆರೆತ ಬೆಸುಗೆ, ಆ ಲಾಭ ಅಲ್ಲೇ ಸೋರಿಹೋಗುತ್ತದೆ. ತೂಕವೂ ಹೆಚ್ಚು. ಎಲ್ಲಿ ಬೇಕಾದರೂ ರಿಪೇರಿಯಾಗುತ್ತದೆ ಎಂಬ ಗುಣ ಲಾರಿಗೆ ದೊಡ್ಡದು, ನಿಮ್ಮ ಗಾಡಿಗೆ ಅಷ್ಟಿಲ್ಲ.

‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಡ, ತೆಗೆದುಬಿಡುವ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಆ ಕವಾಟ ಇಲ್ಲದಿದ್ದರೆ ಬೆಳಿಗ್ಗೆ ಎಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲೂ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಹೊಸ ರೇಡಿಯೇಟರ್ ಜೊತೆ ಹೊಸ ಥರ್ಮೋಸ್ಟಾಟ್, ಕೂಲಂಟ್ ಟ್ಯಾಂಕಿಗೆ ಹೊಸ ಕ್ಯಾಪ್ ಹಾಕಿ. ಕ್ಯಾಪ್ ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ.

ಕರಾವಳಿಯ ಬೋರ್‌ವೆಲ್ ನೀರನ್ನು ಹನಿಯೂ ಹಾಕಬೇಡಿ. ಅದರ ಉಪ್ಪು, ಕಬ್ಬಿಣದ ಅಂಶ ಅಲ್ಯೂಮಿನಿಯಂ ತಿನ್ನುತ್ತದೆ. ಡಿಸ್ಟಿಲ್ಡ್ ನೀರು, ಅದಕ್ಕೆ ಅರ್ಧಕ್ಕರ್ಧ ಜಿ12 ಜಾತಿಯ ಗುಲಾಬಿ ಕೂಲಂಟ್. ಒಳಗೆ ಹಸಿರು ಕೂಲಂಟ್ ಇದ್ದರೆ ಪೂರ್ತಿ ತೊಳೆದು ತೆಗೆಯಿರಿ, ಎರಡೂ ಬೆರೆತರೆ ಕಂದು ಕೆಸರಾಗಿ ಹೊಸ ಕೋರನ್ನೂ ಕಟ್ಟುತ್ತದೆ. ತುಂಬಿಸಿದ ಮೇಲೆ ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಕೆಳಗಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಟ್ಯಾಂಕಿನ ಮಟ್ಟ ನೋಡಿ. ಒಳಗಿನ ಗಾಳಿ ಹೊರಬಂದು ಮಟ್ಟ ಸ್ವಲ್ಪ ಇಳಿದಿದ್ದರೆ ಸಹಜ, ತುಂಬಿಸಿ. ಅದರ ಮರುದಿನವೂ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಸೀಲ್) ನೋಡಿಸಬೇಕು.