ಅಪೊಮ್ಯಾಟಾಕ್ಸ್: ಮರದ ಮಹಾ ಸ್ಟೀಮರ್ ಮಿಲ್ವಾಕೀ ದಡಕ್ಕೆ ಬಂದು ಕೂತಿದ್ದು ಹೇಗೆ

ಅಮೆರಿಕದ ಗ್ರೇಟ್ ಲೇಕ್ಸ್ ಅನ್ನೋ ಮಹಾ ಸರೋವರಗಳಲ್ಲಿ ಓಡಾಡಿದ ಅತಿ ಉದ್ದದ ಮರದ ಸ್ಟೀಮರ್‌ಗಳಲ್ಲಿ (ಉಗಿ ಹಡಗುಗಳಲ್ಲಿ) ಅಪೊಮ್ಯಾಟಾಕ್ಸ್ ಒಂದು, ಸುಮಾರು 319 ಅಡಿ ಉದ್ದ. 1905ರ ನವೆಂಬರ್‌ನಲ್ಲಿ ಲೇಕ್ ಮಿಶಿಗನ್ ದಡದ ಮಿಲ್ವಾಕೀ ಊರಿನ ಹತ್ತಿರ ಹಾಳಾಯ್ತು. ಇಷ್ಟು ಕೇಳಿದ ತಕ್ಷಣ "ಮರದಲ್ಲಿ ಅಷ್ಟುದ್ದ ಕಟ್ಟಿದ್ರೆ ಮುರೀದೆ ಇರುತ್ತಾ" ಅನ್ಸುತ್ತೆ, ಇಲ್ಲಾಂದ್ರೆ ನವೆಂಬರ್ ಬಿರುಗಾಳಿಗೆ ಹೋಗಿರ್ಬೇಕು ಅನ್ಸುತ್ತೆ. ಎರಡೂ ಅಲ್ಲ. ಆ ವರ್ಷದ ದೊಡ್ಡ ನವೆಂಬರ್ ಬಿರುಗಾಳಿ ಬಂದಿದ್ದು 28ಕ್ಕೆ, ಈ ಹಡಗು ಸಿಕ್ಕಿಹಾಕ್ಕೊಂಡಿದ್ದು 2ನೇ ತಾರೀಕು.

ಸ್ವಲ್ಪ ಹಿಂದಕ್ಕೆ ಹೋಗೋಣ. 1855ರಲ್ಲಿ ಸೂ ಲಾಕ್ಸ್ (ಹಡಗುಗಳನ್ನ ಒಂದು ಸರೋವರದ ಮಟ್ಟದಿಂದ ಇನ್ನೊಂದರ ಮಟ್ಟಕ್ಕೆ ಏರಿಸಿ ಇಳಿಸೋ ನೀರಿನ ಗೇಟುಗಳು) ತೆರೆದ ಮೇಲೆ ಲೇಕ್ ಸುಪೀರಿಯರ್ ಕಡೆಯ ಕಬ್ಬಿಣದ ಅದಿರು ಕೆಳಗಿನ ಸರೋವರಗಳಿಗೆ ಇಳಿಯೋಕೆ ಶುರುವಾಯ್ತು, 1869ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಎಲೈಹೂ ಪೆಕ್ ಅನ್ನೋರು ಆರ್.ಜೆ. ಹ್ಯಾಕೆಟ್ ಅನ್ನೋ ಹಡಗು ಕಟ್ಟಿದ್ರು. ಚುಕ್ಕಾಣಿ ಕೋಣೆ ಮುಂದೆ, ಎಂಜಿನ್ ಹಿಂದೆ, ಮಧ್ಯದಲ್ಲೆಲ್ಲಾ ಬರೀ ಸರಕು. ಅಲ್ಲಿಂದ ಮುಂದೆ ಎಲ್ಲರೂ ಅದೇ ಮಾದರಿ ಹಿಡಿದ್ರು. 1880ರ ದಶಕದಲ್ಲಿ ಮೊದಲು ಕಬ್ಬಿಣದ, ಆಮೇಲೆ ಸ್ಟೀಲ್ ಹಡಗುಗಳು ಬಂದ್ವು.

ಸ್ಟೀಲ್ ಬಂದ್ಮೇಲೂ ಮರ ಬಿಡದೇ ಇದ್ದೋರು ಮಿಶಿಗನ್‌ನ ವೆಸ್ಟ್ ಬೇ ಸಿಟಿಯ ಜೇಮ್ಸ್ ಡೇವಿಡ್ಸನ್. ಇದನ್ನ ಬರೀ ಹಠ ಅಂತ ತಳ್ಳಿಹಾಕೋಕಾಗಲ್ಲ. ಮಿಶಿಗನ್‌ನಲ್ಲಿ ಒಳ್ಳೇ ಓಕ್ ಇನ್ನೂ ಸಿಗ್ತಿತ್ತು, ಮರಗೆಲಸದೋರು ಕೈಲೇ ಇದ್ರು, ಸ್ಟೀಲ್ ಹಡಗು ಕಟ್ಬೇಕಂದ್ರೆ ಯಾರ್ಡ್‌ನ ಯಂತ್ರಗಳನ್ನೆಲ್ಲಾ ಹೊಸದಾಗಿ ಹಾಕ್ಬೇಕಿತ್ತು. ಆದ್ರೆ ಬಾಡಿಗೆ ಗಿಟ್ಟಬೇಕಂದ್ರೆ ಸ್ಟೀಲ್ ಹಡಗಿನಷ್ಟೇ ಸರಕು ಹೊರಬೇಕು, ಅಂದ್ರೆ ಮರದ್ದೂ ಅಷ್ಟೇ ಉದ್ದ ಆಗ್ಬೇಕು, ತೊಂದರೆ ಶುರುವಾಗೋದೇ ಅಲ್ಲಿ.

ಮರದ ಹಡಗಿನ ನಡುಭಾಗಕ್ಕೆ ನೀರಿನ ಆಸರೆ ಜಾಸ್ತಿ, ಎರಡೂ ತುದಿಗಳಿಗೆ ಕಡಿಮೆ. ಹಳೇ ಮನೆಯ ತೊಲೆ ಹೇಗೆ ವರ್ಷ ಕಳೆದ ಹಾಗೆ ಬಾಗುತ್ತೋ ಹಾಗೆ ಇದೂ ಬಾಗುತ್ತೆ, ಆದ್ರೆ ಇಲ್ಲಿ ತುದಿಗಳು ಜೋತು ಬಿದ್ದು ನಡು ಮೇಲಕ್ಕೆ ಉಬ್ಬುತ್ತೆ. ಅಲೆ ಮೇಲೆ ಹತ್ತಿ ಇಳಿಯುವಾಗ ಇದೇ ಬಾಗು ಒಂದ್ಸಲ ಈ ಕಡೆ ಒಂದ್ಸಲ ಆ ಕಡೆ ಆಗಿ ಹಲಗೆ ಸಂದಿಗಳು ಬಿಟ್ಕೊಳ್ತಾವೆ, ಸಂದಿಗೆ ತುಂಬಿದ ನಾರು ಸಡಿಲ ಆಗುತ್ತೆ, ನೀರು ಒಳಗೆ ಬರುತ್ತೆ.

1896ರಲ್ಲಿ ಅಪೊಮ್ಯಾಟಾಕ್ಸ್ ಕಟ್ಟುವಾಗ ಡೇವಿಡ್ಸನ್ ಇದಕ್ಕೆ ಕೊಟ್ಟ ಉತ್ತರ ಏನಂದ್ರೆ ಮರದೊಳಗೇ ಸ್ಟೀಲ್ ಸೇರಿಸೋದು. ಓಕ್ ಪಕ್ಕೆಗಳಿಗೆ ಅಡ್ಡಡ್ಡವಾಗಿ ಸ್ಟೀಲ್ ಪಟ್ಟಿ, ಹಡಗಿನ ಉದ್ದಕ್ಕೂ ಸ್ಟೀಲ್ ಕಮಾನು, ತಳದ ದಿಮ್ಮಿಗಳಿಗೆ ಸ್ಟೀಲ್ ಪ್ಲೇಟು. ಅಷ್ಟಾದ್ರೂ ಒಸರೋ ನೀರನ್ನ ಹೊರಗೆ ಹಾಕೋಕೆ ಉಗಿ ಪಂಪು ಬೇಕೇ ಬೇಕಿತ್ತು. ಹೆಸರಿಗೆ ಮರದ ಹಡಗು, ನೋಡಿದ್ರೆ ಅರ್ಧ ಸ್ಟೀಲ್ ಹಡಗಿನ ಕೆಲಸ. ನನ್ನ ಪ್ರಕಾರ ಇದು ಆ ಕಾಲದ ಬಡಗಿಗಳ ದೊಡ್ಡ ಸಾಧನೆ, ಇದನ್ನ ಹಳೇ ಕಾಲದ ಮೊಂಡುತನ ಅನ್ನೋದು ಅನ್ಯಾಯ.

ಅಪೊಮ್ಯಾಟಾಕ್ಸ್ ತಾನು ಸರಕು ಹೊತ್ತು ಹೋಗೋದಲ್ದೆ ಹಿಂದೆ ಇನ್ನೊಂದು ದೊಡ್ಡ ಬಾರ್ಜನ್ನೂ (ಎಳೆದೊಯ್ಯೋ ಸರಕು ಹಡಗು) ಎಳ್ಕೊಂಡು ಹೋಗ್ತಿತ್ತು. ಒಂದೇ ಎಂಜಿನ್ನಲ್ಲಿ ಎರಡು ಹಡಗಿನ ಸರಕು, ಲೆಕ್ಕ ಚೆನ್ನಾಗೇ ಇತ್ತು. ಆದ್ರೆ ಹಿಂದೆ ಅಷ್ಟು ಭಾರ ನೇತಾಡ್ತಿದ್ರೆ ಗಕ್ಕನೆ ನಿಲ್ಲೋಕಾಗಲ್ಲ, ಬೇಗ ತಿರುಗೋಕೂ ಆಗಲ್ಲ.

1905ರ ನವೆಂಬರ್ 2. ಒಡಲಲ್ಲಿ ಕಲ್ಲಿದ್ದಲು, ಹಿಂದೆ ಸ್ಯಾಂಟಿಯಾಗೋ ಅನ್ನೋ ಬಾರ್ಜು. ಮಿಲ್ವಾಕೀ ಕಾರ್ಖಾನೆಗಳ ಹೊಗೆ ಸರೋವರದ ಮಂಜಿನ ಜೊತೆ ಸೇರ್ಕೊಂಡು ದಡವನ್ನೇ ಮುಚ್ಚಿಬಿಟ್ಟಿತ್ತು. ದಾರಿ ಕಾಣದೆ ಹಡಗು ಊರಿನ ಉತ್ತರಕ್ಕೆ ದಡದ ಹತ್ತಿರ ತಳ ಕಚ್ಕೊಳ್ತು, ಸ್ಯಾಂಟಿಯಾಗೋನೂ ಸಿಕ್ಕಿಹಾಕ್ಕೊಳ್ತು, ಅದೇ ಹೊಗೆಯಲ್ಲಿ ಹಿಂದೆ ಬರ್ತಿದ್ದ ಅಯೋವಾ ಅನ್ನೋ ಸ್ಟೀಮರ್ ಕೂಡ. ಆ ಎರಡನ್ನೂ ಬಿಡಿಸಿದ್ರು. ಕಲ್ಲಿದ್ದಲು ತುಂಬಿದ್ದ ಅಪೊಮ್ಯಾಟಾಕ್ಸ್ ಮಾತ್ರ ಅಲುಗಾಡಲಿಲ್ಲ, ಸುಮಾರು ಎರಡು ವಾರ ಒದ್ದಾಡಿ ಕೈಬಿಟ್ರು. ಯಾರೂ ಸಾಯಲಿಲ್ಲ.

ಕ್ಯಾಪ್ಟನ್ ತಪ್ಪಾ, ಕಾರ್ಖಾನೆಗಳ ತಪ್ಪಾ ಅಂತ ವಾದ ಮಾಡ್ಬಹುದು, ಆದ್ರೆ ಆ ಹೊಗೆ ಒಂದು ಚಿಮಣಿಯದ್ದಲ್ಲ. ಇಡೀ ಊರು ಕಲ್ಲಿದ್ದಲಿನ ಮೇಲೇ ನಡೀತಿತ್ತು, ಆ ಊರುಗಳಿಗೆ ಕಲ್ಲಿದ್ದಲು ತಂದು ಸುರೀತಿದ್ದಿದ್ದು ಇಂಥವೇ ಹಡಗುಗಳು.

ಅದೇ ವರ್ಷ ಸೆಪ್ಟೆಂಬರ್ 2ಕ್ಕೆ ಡೇವಿಡ್ಸನ್ ಕಟ್ಟಿದ ಇನ್ನೊಂದು ದೈತ್ಯ, 338 ಅಡಿಯ ಬಾರ್ಜು ಪ್ರಿಟೋರಿಯಾ, ಲೇಕ್ ಸುಪೀರಿಯರ್‌ನ ಔಟರ್ ಐಲ್ಯಾಂಡ್ ಹತ್ತಿರ ಬಿರುಗಾಳಿಗೆ ಸಿಕ್ಕಿ ಹೋಗಿತ್ತು, ಐದು ಜನ ತೀರ್ಕೊಂಡ್ರು. ಎರಡೇ ತಿಂಗಳಲ್ಲಿ ಎರಡು. ಅತ್ಲಾಗೆ 1906ಕ್ಕೆ 600 ಅಡಿಯ ಸ್ಟೀಲ್ ಹಡಗು ನೀರಿಗಿಳೀತು, ಮರಕ್ಕೆ ಪೈಪೋಟಿ ಮಾಡೋ ದಾರಿನೇ ಉಳೀಲಿಲ್ಲ.

ಆಮೇಲೆ ಎಂಜಿನ್ ಬಾಯ್ಲರ್ ಬಿಚ್ಕೊಂಡು ಹೋದ್ರು, ಮರದ ಒಡಲು ಅಲ್ಲೇ ಉಳೀತು. ಈಗ್ಲೂ ಮಿಲ್ವಾಕೀ ಪಕ್ಕದ ಶೋರ್‌ವುಡ್‌ನ ಆಟ್‌ವಾಟರ್ ಬೀಚಿಂದ ಸುಮಾರು 150 ಗಜ ದೂರದಲ್ಲಿ, 15-20 ಅಡಿ ನೀರಲ್ಲಿ ಇದೆ. ಸಿಹಿ ನೀರಾದ್ದರಿಂದ ಸಮುದ್ರದ ಥರ ಮರ ಕೊರೆಯೋ ಹುಳದ ಕಾಟ ಇಲ್ಲ. ಆದ್ರೆ ಆಳ ಇಷ್ಟು ಕಮ್ಮಿ ಆದ್ರೆ ಅಲೆ, ಚಳಿಗಾಲದ ಐಸು, ಜರುಗೋ ಮರಳು ಇವುಗಳ ಹೊಡೆತ ತಪ್ಪಲ್ಲ.

ಇಂಥ ಹಡಗುಗಳು ಯಾರದ್ದು ಅನ್ನೋ ಜಗಳ ತುಂಬಾ ವರ್ಷ ಇತ್ತು. ಡೈವ್ ಮಾಡಿದೋರು ಕೈಗೆ ಸಿಕ್ಕಿದ್ದು ಮನೆಗೆ ಒಯ್ಯೋದನ್ನ ಯಾರೂ ಕಳ್ಳತನ ಅಂತ ಅಂದ್ಕೊಂಡಿರಲಿಲ್ಲ. ಅನಾಥ ಹಡಗುಗಳ ಬಗ್ಗೆ ಫೆಡರಲ್ ಕಾನೂನು 1988ರಲ್ಲಿ ಜಾರಿಗೆ ಬಂದ್ಮೇಲೆ ರಾಜ್ಯದ ನೀರಲ್ಲಿ ಹೂತ ಹಳೇ ಹಡಗುಗಳು ರಾಜ್ಯದ ಸ್ವತ್ತು ಅಂತಾಯ್ತು. ಅಪೊಮ್ಯಾಟಾಕ್ಸ್ 2005ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರ್ತು. ಇಳಿದು ನೋಡ್ಬಹುದು, ಏನೂ ತೆಗೀಬಾರದು.

ಆ ನಿಯಮ ಸರಿಯಾಗೇ ಇದೆ. ಮರದ ಹಡಗು ಕಟ್ಟೋರು ಎಷ್ಟೋ ಸಲ ಪೂರ್ತಿ ನಕ್ಷೆ ಬರೀತಿರಲಿಲ್ಲ, ಹಡಗಿನ ಒಂದು ಬದಿಯ ಚಿಕ್ಕ ಮಾದರಿಯನ್ನ ಮರದಲ್ಲಿ ಕೆತ್ಕೊಂಡು ಅದರಿಂದಲೇ ಅಳತೆ ತಗೋತಿದ್ರು. ಹಾಗಾಗಿ ಯಾವ ಪಕ್ಕೆಗೆ ಯಾವ ಪಟ್ಟಿ ಹೇಗೆ ಕೂರಿಸಿದ್ರು, ಯಾವ ಬೋಲ್ಟು ಎಲ್ಲಿತ್ತು ಅನ್ನೋದನ್ನ ಅಳೆದು ನೋಡೋಕೆ ಉಳಿದಿರೋದು ನೀರಡಿ ಬಿದ್ದಿರೋ ಈ ಒಡಲೇ.